ನೆರೆ ನುಗ್ಗಿದ ಮನೆಗೆ ಬಾಡಿಗೆ ಡಿಹ್ಯುಮಿಡಿಫೈಯರ್: ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ದುಡ್ಡು ದಂಡ

ಬೆಂಗಳೂರಿನಲ್ಲಿ ಮನೆಯೊಳಗೆ ಮೊಣಕಾಲುದ್ದ ನೀರು ನಿಲ್ಲುವುದು ಈಗ ಅಪರೂಪವೇನಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್. ನೀರು ಇಳಿದ ಮೇಲೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಕಥೆ. ವೈಪರ್ ಹಾಕಿ ನೀರು ತಳ್ಳುತ್ತಾರೆ, ಕಿಟಕಿ ತೆಗೆದು ಫ್ಯಾನ್ ಹಾಕುತ್ತಾರೆ, ನೆಲ ಒಣಗಿದಂತೆ ಕಂಡ ಕೂಡಲೇ ಪೇಂಟರ್‌ಗೆ ಫೋನ್ ಹೋಗುತ್ತದೆ. ಯುಗಾದಿ ಹೊತ್ತಿಗೆ ಪೇಂಟ್ ಗುಳ್ಳೆ ಎದ್ದು, ಸ್ಕರ್ಟಿಂಗ್ ಮೇಲುಗಡೆ ಗೋಡೆ ಉಪ್ಪು ಬಿಟ್ಟು, ವಾರ್ಡ್‌ರೋಬಿನ ಹಿಂದೆ ಬೂಷ್ಟು ಕರ್ರಗೆ ಹಬ್ಬಿರುತ್ತದೆ.

ಈಗ ನಗರದಲ್ಲಿ ಗಾಳಿಯೊಳಗಿನ ತೇವ ಹಿಂಡುವ ಡಿಹ್ಯುಮಿಡಿಫೈಯರ್, ಜೋರಾಗಿ ಗಾಳಿ ಬೀಸುವ ಬ್ಲೋವರ್, ನೀರು ಎಳೆಯುವ ವ್ಯಾಕ್ಯೂಮ್ ಎಲ್ಲವೂ ಬಾಡಿಗೆಗೆ ಸಿಗುತ್ತವೆ. ಮೂರನ್ನೂ ಸೇರಿಸಿ ಒಂದೇ ಸೆಟ್ ಎಂದು ಮನೆಗೆ ತಂದಿಡುವವರೂ ಇದ್ದಾರೆ. ಈ ವಿಮರ್ಶೆ ಆ ಸೆಟ್ಟಿನದು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ದಿನಕ್ಕೆ 50 ಲೀಟರ್ ನೀರು ತೆಗೆಯುವ ವರ್ಗದ ಕಂಪ್ರೆಸರ್ ಡಿಹ್ಯುಮಿಡಿಫೈಯರ್ ಒಂದು, ಬ್ಲೋವರ್ ಎರಡು ಮೂರು, ಪಿನ್ ಇರುವ ತೇವಾಂಶ ಮೀಟರ್ ಒಂದು: ಇಷ್ಟಿದ್ದರೆ ಬಾಡಿಗೆಯ ದುಡ್ಡು ವಸೂಲಾಗುತ್ತದೆ. ಮೀಟರ್ ಇಲ್ಲದೆ ಬರೀ ಯಂತ್ರ ತಂದರೆ ಅರ್ಧ ಕೆಲಸಕ್ಕೆ ಪೂರ್ತಿ ದುಡ್ಡು ಕೊಟ್ಟಂತೆ. ಬೆಡ್‌ರೂಮಿಗೆಂದು ಮಾರುವ 10–20 ಲೀಟರಿನ ಪುಟ್ಟ ಯಂತ್ರ ಈ ಕೆಲಸಕ್ಕೆ ಸಾಲದು.

ಯಂತ್ರದ ಗುಣ ಅಳೆಯುವ ಮೊದಲು ಗೋಡೆಯಲ್ಲಿ ಎಷ್ಟು ನೀರಿದೆ ಎಂದು ಒಮ್ಮೆ ಲೆಕ್ಕ ಹಾಕಬೇಕು. ಸುಟ್ಟ ಇಟ್ಟಿಗೆ ತನ್ನ ತೂಕದ ಶೇ 20ರವರೆಗೆ ನೀರು ಕುಡಿಯಲು ಇಟ್ಟಿಗೆಯ ಭಾರತೀಯ ಮಾನಕ ಐಎಸ್ 1077ವೇ ಅವಕಾಶ ಕೊಡುತ್ತದೆ. ಶೇ 12 ಅಂತಲೇ ಇಟ್ಟುಕೊಳ್ಳಿ. 12 ಅಡಿ ಉದ್ದದ, 9 ಇಂಚಿನ ಒಂದು ಗೋಡೆ 3 ಅಡಿ ಎತ್ತರಕ್ಕೆ ನೆನೆದಿದೆ ಎಂದರೆ ನೆನೆದ ಭಾಗದ ತೂಕವೇ ಸುಮಾರು 1,300 ಕೆಜಿ. ಅದರೊಳಗೆ ಕುಳಿತ ನೀರು 150 ಲೀಟರಿಗೂ ಹೆಚ್ಚು. ಇದು ಒಂದೇ ಗೋಡೆಯ ಮಾತು. ಟೈಲ್ಸ್ ಅಡಿಯ ಗಾರೆಯಲ್ಲಿ, ಕಾಂಕ್ರೀಟ್ ಬ್ಲಾಕ್‌ಗಳ ಟೊಳ್ಳಿನಲ್ಲಿ, ಬಾಗಿಲ ಚೌಕಟ್ಟಿನ ಬುಡದಲ್ಲಿ ಇರುವ ನೀರು ಬೇರೆ. ಫ್ಯಾನ್ ಗಾಳಿಗೆ ಒಣಗುವುದು ಹೊರಗಿನ ಕಾಲು ಇಂಚು. ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಒಳಗೆ ಹಾಗೇ ಇರುತ್ತದೆ.

ಹಾಗಾಗಿ ಯಂತ್ರ ಬರುವ ಮೊದಲು ಕೈಯಿಂದ ತೆಗೆಯಬಹುದಾದ ನೀರನ್ನೆಲ್ಲ ತೆಗೆದಿರಬೇಕು. ಇಲ್ಲಿ ಮೊದಲ ಕೆಲಸ ಕರೆಂಟಿನದು. ಮೇನ್ ಆಫ್ ಆಗದೆ ನೀರಿಗೆ ಕಾಲಿಡಬೇಡಿ. ಮೀಟರ್ ಬೋರ್ಡೇ ಮುಳುಗಿದ್ದರೆ ಅದನ್ನು ಮುಟ್ಟುವ ಕೆಲಸ ನಿಮ್ಮದಲ್ಲ, ಬೆಸ್ಕಾಂನ 1912ಕ್ಕೆ ಹೇಳಿ. ನೀರು ಹೊಕ್ಕ ಸ್ವಿಚ್ಚು, ಸಾಕೆಟ್, ಎಂಸಿಬಿಗಳನ್ನು ಒಣಗಿಸಿ ಮತ್ತೆ ಬಳಸುವುದು ಬೇಡ, ಬದಲಾಯಿಸಿ. ಪೈಪಿನೊಳಗಿನ ವೈರನ್ನು ಎಲೆಕ್ಟ್ರಿಷಿಯನ್ ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್ ಹಾಕಿ ನೋಡಬೇಕು. ಇನ್ಸುಲೇಷನ್ 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಆ ಲೈನಿಗೆ ಕರೆಂಟು ಕೊಡುವ ಹಾಗಿಲ್ಲ. ಒಣಗಿಸುವ ಯಂತ್ರಗಳಿಗೆ ಮೇಲಿನ ಮಹಡಿಯಿಂದಲೋ ಹೊಸದಾಗಿ ಎಳೆದ ಲೈನಿನಿಂದಲೋ, ಕರೆಂಟು ಸೋರಿದರೆ ತಾನೇ ಕಡಿದುಬಿಡುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ದಾಟಿಸಿಯೇ ಕರೆಂಟು ಕೊಡಿ. ಜನರೇಟರ್ ತಂದರೆ ಅದು ಬಯಲಲ್ಲೇ ಇರಬೇಕು. ಗ್ಯಾರೇಜಿನಲ್ಲಿ ಇಟ್ಟ ಜನರೇಟರ್ ಹೊಗೆ ಮನೆಯೊಳಗೆ ಬಂದು ಜೀವ ತೆಗೆಯುತ್ತದೆ.

ಬೇಸ್‌ಮೆಂಟ್ ಇದ್ದವರಿಗೆ ಒಂದು ಮಾತು. ಪಂಪ್ ಇದೆ ಅಂತ ಒಂದೇ ರಾತ್ರಿಯಲ್ಲಿ ಖಾಲಿ ಮಾಡಿಸಬೇಡಿ. ಸುತ್ತಲ ಮಣ್ಣು ನೀರಿನಿಂದ ತುಂಬಿ ಗೋಡೆಯನ್ನು ಹೊರಗಿನಿಂದ ಒತ್ತುತ್ತಿರುತ್ತದೆ, ಒಳಗಿನ ನೀರು ಆ ಒತ್ತಡಕ್ಕೆ ಎದುರು ನಿಂತಿರುತ್ತದೆ. ದಿನಕ್ಕೆ ಮೂರನೇ ಒಂದು ಪಾಲಿನಷ್ಟು ಇಳಿಸಿ, ಗೋಡೆಯ ಮೇಲೆ ಗುರುತು ಹಾಕಿ, ರಾತ್ರಿ ಕಳೆದ ಮೇಲೆ ನೀರು ಮತ್ತೆ ಏರಿದೆಯೇ ನೋಡಿ. ಏರಿದ್ದರೆ ಹೊರಗಿನ ನೀರು ಇನ್ನೂ ಇಳಿದಿಲ್ಲ, ಕಾಯಬೇಕು. ಸಂಪು, ಸೆಪ್ಟಿಕ್ ಟ್ಯಾಂಕ್‌ಗಳಿಗೂ ಇದೇ ಮಾತು. ಅಂತರ್ಜಲ ಮೇಲೆ ಬಂದಿರುವಾಗ ಖಾಲಿ ಮಾಡಿದರೆ ತೊಟ್ಟಿಯೇ ಮೇಲಕ್ಕೆದ್ದು ಪೈಪು ಮುರಿಯಬಹುದು, ತಳ ಬಿರುಕು ಬಿಡಬಹುದು.

ಸೆಟ್ಟಿನಲ್ಲಿ ಬರುವ ವೆಟ್ ವ್ಯಾಕ್ಯೂಮ್ ಬಗ್ಗೆ ದೂರು ಇಲ್ಲ. ವೈಪರ್ ತಲುಪದ ಮೂಲೆಯ ನೀರನ್ನು, ಕಿಟಕಿಯ ಸ್ಲೈಡಿಂಗ್ ಚಾನಲ್, ಅಡುಗೆಮನೆ ಕ್ಯಾಬಿನೆಟ್ ಅಡಿಯ ರಾಡಿಯನ್ನು ಅದು ಚೆನ್ನಾಗಿ ಎಳೆಯುತ್ತದೆ. ಗಟ್ಟಿ ಕೆಸರನ್ನು ಮಾತ್ರ ಅದಕ್ಕೆ ತಿನ್ನಿಸಬೇಡಿ. ಹೋಸ್ ಕಟ್ಟಿಕೊಳ್ಳುತ್ತದೆ. ಕೆಸರನ್ನು ಸಲಿಕೆಯಲ್ಲಿ ಎತ್ತಿ, ನೀರು ಹಾಯಿಸಿ ತೊಳೆದು, ಆ ತೊಳೆದ ನೀರನ್ನು ಎಳೆಸಿ. ಒಣಗಿದ ಮೇಲೆ ತೊಳೆಯೋಣ ಎಂದು ಕೆಸರನ್ನು ಬಿಟ್ಟವರಿಗೆ ಮುಂದೆ ಕಷ್ಟ ಕಾದಿರುತ್ತದೆ. ರಾಜಕಾಲುವೆಯ ನೀರು ತಂದ ಕೆಸರಿನಲ್ಲಿ ಒಳಚರಂಡಿಯ ಹೊಲಸೆಲ್ಲ ಇರುತ್ತದೆ, ಬ್ಲೋವರ್ ಹಾಕಿದ ತಕ್ಷಣ ಅದು ಧೂಳಾಗಿ ಮನೆಯಿಡೀ ಹಾರುತ್ತದೆ. ಗಮ್‌ಬೂಟು, ಕೈಗವಸು, ಎನ್95 ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಕೆಲಸದವರಿಗೂ ಕೊಡಿ.

ತೊಳೆದಾದ ಮೇಲೆ ಬ್ಲೀಚಿಂಗ್ ಪೌಡರ್. ಶೇ 33 ಕ್ಲೋರಿನ್ ಇರುವ ಒಳ್ಳೆಯ ಪೌಡರ್ ಆದರೆ ಲೀಟರ್ ನೀರಿಗೆ 15 ಗ್ರಾಂ, ಅಂದರೆ ಒಂದು ಬಕೆಟ್ ಹದಿನೈದು ಲೀಟರಿಗೆ ಕಾಲು ಕೆಜಿಗಿಂತ ಸ್ವಲ್ಪ ಕಡಿಮೆ. ಕದಡಿ, ತಿಳಿ ನೀರನ್ನು ಮಾತ್ರ ನೆಲಕ್ಕೆ, ಗೋಡೆಯ ಬುಡಕ್ಕೆ ಬಳಿದು ಹತ್ತು ಹದಿನೈದು ನಿಮಿಷ ಬಿಡಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಇದು ಸೇರಲೇಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಹೊಲಸು ನೀರು ಹೊಕ್ಕ ಸಂಪನ್ನು, ಹೊರಗಿನ ನೀರು ಇಳಿದ ಮೇಲೆ, ಉಜ್ಜಿ ತೊಳೆದು ತುಂಬಿಸಿ 1,000 ಲೀಟರಿಗೆ 150 ಗ್ರಾಂ ಪೌಡರಿನ ತಿಳಿ ಹಾಕಿ 24 ಗಂಟೆ ಬಿಟ್ಟು ಪೂರ್ತಿ ಚೆಲ್ಲಬೇಕು. ಆ ನೀರು ಕುಡಿಯುವುದಕ್ಕಲ್ಲ. ಬೂಷ್ಟು ಹಿಡಿದ ಮರ, ಜಿಪ್ಸಂಗಳಿಗೆ ಬ್ಲೀಚಿಂಗ್ ನೀರು ಬಳಿದರೆ ಬಣ್ಣ ಹೋಗುತ್ತದೆಯೇ ಹೊರತು ಬೇರು ಹೋಗುವುದಿಲ್ಲ. ಸೋಪಿನ ನೀರಲ್ಲಿ ಉಜ್ಜಿ ತೆಗೆಯಬೇಕು, ಇಲ್ಲವೇ ಆ ಭಾಗವನ್ನೇ ಕತ್ತರಿಸಿ ಬಿಸಾಡಬೇಕು.

ಬಿಚ್ಚುವ ಕೆಲಸಕ್ಕೆ ಜನ ಹಿಂಜರಿಯುತ್ತಾರೆ, ಆದರೆ ಬಿಚ್ಚದೆ ಯಂತ್ರ ಹಾಕಿದರೆ ಬರೀ ಕರೆಂಟು ಬಿಲ್ಲು. ಮಾಡ್ಯುಲರ್ ಅಡುಗೆಮನೆಯ ಕೆಳಗಿನ ಪಟ್ಟಿಗಳನ್ನು ಎಳೆದು ತೆಗೆಯಿರಿ, ಅವು ಕ್ಲಿಪ್ ಮೇಲೆ ನಿಂತಿರುತ್ತವೆ. ಗೋಡೆಗೆ ಅಂಟಿಸಿದ ವಾರ್ಡ್‌ರೋಬಿನ ಹಿಂದಿನ ಹಲಗೆಯನ್ನು ಬುಡದಲ್ಲಿ ಎರಡಡಿ ಕತ್ತರಿಸಿ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ನೀರು ಕುಡಿದು ಊದಿದ್ದರೆ ಮುಗಿಯಿತು, ಯಾವ ಯಂತ್ರವೂ ಅದನ್ನು ಹಿಂದಿನಂತೆ ಮಾಡದು. ಐಎಸ್ 710 ಮರೀನ್ ಪ್ಲೈವುಡ್ ಆದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ, ಅಂಚಿನ ಪಟ್ಟಿ ಕಿತ್ತು ಒಣಗಲು ಬಿಡಿ. ಲ್ಯಾಮಿನೇಟ್ ಮರದ ನೆಲ ಇದ್ದರೆ ಪೂರ್ತಿ ಎತ್ತಿಸಿ, ಕೆಳಗಿನ ಫೋಮ್ ಹಾಳೆ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಜಿಪ್ಸಂ ಪಾರ್ಟಿಷನ್ ಆದರೆ ನೀರಿನ ಗುರುತಿಗಿಂತ ಒಂದರಿಂದ ಎರಡು ಅಡಿ ಮೇಲಕ್ಕೆ ಕತ್ತರಿಸಬೇಕು, ಏಕೆಂದರೆ ಅದು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರನ್ನು ಮೇಲಕ್ಕೆ ಎಳೆದಿರುತ್ತದೆ. ಟೊಳ್ಳು ಬ್ಲಾಕಿನ ಗೋಡೆಗೆ ಸ್ಕರ್ಟಿಂಗ್ ಕಿತ್ತು ಕೆಳಗಿನ ಸಾಲಿನಲ್ಲಿ, ಪ್ರತಿ ಟೊಳ್ಳಿಗೂ 8 ಮಿಲಿಮೀಟರ್ ಡ್ರಿಲ್ ಬಿಟ್ಟಿನಿಂದ ಒಂದೊಂದು ತೂತು ಹಾಕಿಸಿ. ತೂತಿನಿಂದ ನೀರು ಧಾರೆಯಾಗಿ ಬರುವುದನ್ನು ನೋಡಿದ ಮೇಲೆ ಈ ಕೆಲಸ ಬೇಕಿತ್ತೇ ಎಂದು ಯಾರೂ ಕೇಳುವುದಿಲ್ಲ. ಇದಿಷ್ಟೂ ಮೊದಲ ಎರಡು ದಿನದಲ್ಲೇ ಮುಗಿದರೆ ಒಳ್ಳೆಯದು. ಒದ್ದೆ ಮರ, ಬಟ್ಟೆ, ಕಾಗದದ ಮೇಲೆ ಬೂಷ್ಟು 24ರಿಂದ 48 ಗಂಟೆಯಲ್ಲಿ ಶುರುವಾಗುತ್ತದೆ.

ಈಗ ಯಂತ್ರದ ವಿಷಯ. ಕಂಪ್ರೆಸರ್ ಡಿಹ್ಯುಮಿಡಿಫೈಯರ್ ಎಂದರೆ ಫ್ರಿಜ್ಜಿನ ಜಾತಿಯದೇ. ರೂಮಿನ ಗಾಳಿಯನ್ನು ತಣ್ಣಗಿನ ಕಾಯಿಲ್ ಮೇಲೆ ಹಾಯಿಸಿ, ನೀರನ್ನು ಹನಿಯಾಗಿಸಿ, ಅದೇ ಗಾಳಿಯನ್ನು ಬಿಸಿ ಕಾಯಿಲ್ ಮೂಲಕ ಹೊರಗೆ ಬಿಡುತ್ತದೆ. ಮೈಮೇಲೆ ಬರೆದ '50 ಲೀಟರ್' ಸಾಮಾನ್ಯವಾಗಿ 30 ಡಿಗ್ರಿ ಬಿಸಿ, ಶೇ 80 ತೇವಾಂಶದಲ್ಲಿ ಅಳೆದ ಸಂಖ್ಯೆ. ರೂಮಿನ ತೇವಾಂಶ ಶೇ 60ಕ್ಕೆ ಇಳಿದಾಗ ಅದೇ ಯಂತ್ರ ಸುಮಾರು ಅರ್ಧ ಕೊಡುತ್ತದೆ, ಶೇ 45ಕ್ಕೆ ಬಂದಾಗ ಇನ್ನೂ ಕಡಿಮೆ. ಮೊದಲ ದಿನಗಳಲ್ಲಿ ತೊಟ್ಟಿ ತುಂಬಿ ಆಮೇಲೆ ಹನಿ ಹನಿಯಾದಾಗ 'ಮೆಷಿನ್ ಕೆಟ್ಟಿದೆ' ಎಂದು ಅಂಗಡಿಗೆ ಫೋನ್ ಮಾಡುವವರು ಬಹಳ. ಯಂತ್ರ ಕೆಟ್ಟಿಲ್ಲ. ನೆಲ ಮತ್ತು ಮೇಲ್ಮೈ ನೀರು ಮುಗಿದು, ಗೋಡೆ ತನ್ನ ಒಳಗಿನ ನೀರನ್ನು ತನ್ನದೇ ವೇಗದಲ್ಲಿ ಬಿಡುತ್ತಿದೆ. ಇಲ್ಲಿಂದ ಮುಂದೆ ಎರಡನೇ ಯಂತ್ರ ತಂದಿಟ್ಟರೂ ಹೆಚ್ಚೇನೂ ಸಿಗದು. ಹೆಚ್ಚು ಯಂತ್ರ ಬೇಕಾದರೆ ಮೊದಲ ವಾರ ಇಡಿ, ಆಮೇಲೆ ಒಂದೊಂದಾಗಿ ವಾಪಸ್ ಕೊಡಿ. ಬಾಡಿಗೆಯಲ್ಲಿ ಹಣ ಉಳಿಯುವುದು ಇಲ್ಲೇ.

ಈ ಯಂತ್ರದ ನಿಜವಾದ ಗುಣ ಎಂದರೆ ಅದು ನೀರು ತೆಗೆಯುತ್ತಲೇ ರೂಮನ್ನು ಬಿಸಿ ಮಾಡುತ್ತದೆ. ಒಂದು ಲೀಟರ್ ಆವಿ ನೀರಾಗುವಾಗ ಸುಮಾರು 0.68 ಯೂನಿಟ್‌ನಷ್ಟು ಶಾಖ ಹೊರಬೀಳುತ್ತದೆ. 750 ವ್ಯಾಟ್ ಯಂತ್ರ ದಿನಕ್ಕೆ 20 ಲೀಟರ್ ಹಿಡಿದರೆ, ತಾನು ತಿಂದ 18 ಯೂನಿಟ್ ಮತ್ತು ಈ 13 ಚಿಲ್ಲರೆ ಯೂನಿಟ್ ಸೇರಿ 31 ಯೂನಿಟ್ ಶಾಖ ರೂಮಿಗೆ ಹೋಗುತ್ತದೆ. 1,300 ವ್ಯಾಟ್ ಹೀಟರ್ ಹಗಲೂ ರಾತ್ರಿ ಉರಿದಂತಾಯಿತು. ರೂಮು 31–33 ಡಿಗ್ರಿಗೆ ಏರುವುದು ಒಳ್ಳೆಯ ಲಕ್ಷಣ, ಬೆಚ್ಚಗಿನ ಗೋಡೆ ಬೇಗ ನೀರು ಬಿಡುತ್ತದೆ. 35 ದಾಟಿದರೆ ಮಾತ್ರ ಹೆಚ್ಚಿನ ಯಂತ್ರಗಳಿಗೆ ಕಷ್ಟ. ಅರ್ಧ ಗಂಟೆ ಬಾಗಿಲು ತೆಗೆದು ಬಿಸಿ ಇಳಿಸಿ ಮತ್ತೆ ಮುಚ್ಚಿ. ಖರ್ಚು ಎಂದರೆ ದಿನಕ್ಕೆ 18 ಯೂನಿಟ್, ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 126 ರೂಪಾಯಿ.

ಯಂತ್ರವನ್ನು ರೂಮಿನ ನಡುವೆ ಇಡಿ, ಗೋಡೆಯಿಂದ ಒಂದಡಿಗೂ ಹೆಚ್ಚು ದೂರ. ಒಳಗಿನ ತೊಟ್ಟಿ ಚಿಕ್ಕದು, ರಾತ್ರಿ ತುಂಬಿ ಯಂತ್ರ ತಾನೇ ನಿಲ್ಲುತ್ತದೆ. ಆದ್ದರಿಂದ ಹೋಸ್ ಜೋಡಿಸಿ ಬಾತ್‌ರೂಮಿನ ಟ್ರ್ಯಾಪಿಗೆ ಬಿಡಬೇಕು. ಹೋಸ್ ಎಲ್ಲಿಯೂ ಮೇಲಕ್ಕೇರದೆ ಇಳಿಜಾರಾಗಿ ಹೋಗಬೇಕು, ನಡುವೆ ಒಂದು ಕಡೆ ಬಳುಕಿ ಎದ್ದರೂ ನೀರು ಹಿಂದಕ್ಕೆ ಬಂದು ನೆಲಕ್ಕೆ ಸುರಿಯುತ್ತದೆ. ಲೆಕ್ಕ ಇಡಬೇಕೆನ್ನುವವರು ಯಂತ್ರವನ್ನು ಗಟ್ಟಿ ಮೇಜಿನ ಮೇಲಿಟ್ಟು ಹೋಸನ್ನು 20 ಲೀಟರ್ ಕ್ಯಾನಿಗೆ ಬಿಟ್ಟು, ಬೆಳಿಗ್ಗೆ ಸಂಜೆ ಎಷ್ಟು ತುಂಬಿದೆ ಎಂದು ಬರೆದಿಡಿ. ಗಾಳಿ ಎಳೆಯುವ ಬದಿಯ ಜಾಲರಿಯನ್ನು ದಿನಾ ತೊಳೆಯಬೇಕು. ನೆರೆ ಮನೆಯ ಧೂಳಿಗೆ ಎರಡೇ ದಿನದಲ್ಲಿ ಅದು ಕಟ್ಟಿಕೊಳ್ಳುತ್ತದೆ, ಗಾಳಿ ಕಡಿಮೆಯಾಗಿ ಕಾಯಿಲ್ ಮೇಲೆ ಮಂಜು ಕೂರುತ್ತದೆ, ನೀರು ಬರುವುದು ನಿಲ್ಲುತ್ತದೆ. ಟೆಂಪೋದಲ್ಲಿ ಮಲಗಿಸಿ ತಂದ ಯಂತ್ರವನ್ನು ಕೂಡಲೇ ಚಾಲೂ ಮಾಡಬಾರದು. ಕಂಪ್ರೆಸರಿನ ಎಣ್ಣೆ ಕೆಳಗಿಳಿಯಲು ಕೆಲವು ಗಂಟೆ ನಿಲ್ಲಿಸಿಡಿ. ಹತ್ತು ಅಡಿ ಎತ್ತರದ, ಒಟ್ಟು 300 ಚದರ ಅಡಿಯ ಎರಡು ರೂಮಿಗೆ ಇಂಥ ಒಂದು ಯಂತ್ರ ಸರಿಹೋಗುತ್ತದೆ. ಮನೆಯಿಡೀ ಬಾಗಿಲು ತೆಗೆದಿಟ್ಟು ಹಾಲಿನಲ್ಲಿ ಒಂದು ಇಟ್ಟರೆ ಎಲ್ಲಿಯೂ ಕೆಲಸ ಆಗುವುದಿಲ್ಲ.

ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಎಂಬುದಕ್ಕೆ ಪ್ರತಿ ಮನೆಯಲ್ಲೂ ಜಗಳ. ಉತ್ತರ ಗಾಳಿಯಲ್ಲಿರುವ ನೀರಿನ ತೂಕದಲ್ಲಿದೆ. ನೀರು ಇಳಿದ ಮೊದಲ ದಿನ ಮನೆಯೊಳಗೆ 24 ಡಿಗ್ರಿ, ಶೇ 95 ಇದ್ದರೆ ಪ್ರತಿ ಘನ ಮೀಟರ್ ಗಾಳಿಯಲ್ಲಿ ಸುಮಾರು 20.7 ಗ್ರಾಂ ನೀರು. ಹೊರಗೆ ಮಧ್ಯಾಹ್ನ 27 ಡಿಗ್ರಿ, ಶೇ 60 ಇದ್ದರೆ 15.5 ಗ್ರಾಂ. ಆಗ ಕಿಟಕಿ ತೆಗೆಯುವುದೇ ಸರಿ, ಯಂತ್ರ ಬೇಡವೇ ಬೇಡ. ಯಂತ್ರ ಬಂದು ರೂಮು 30 ಡಿಗ್ರಿ, ಶೇ 45ಕ್ಕೆ ಬಂದಾಗ ಒಳಗೆ 13.7 ಗ್ರಾಂ. ಈಗ ಕಿಟಕಿ ತೆಗೆದರೆ ಹೊರಗಿನ ನೀರನ್ನು ಒಳಗೆ ಕರೆದಂತೆ. ರಾತ್ರಿ ತಂಪಾಗಿದೆ ಎಂದು ತೆಗೆದರೂ ಲಾಭ ಇಲ್ಲ: 20 ಡಿಗ್ರಿ, ಶೇ 90 ಎಂದರೆ ಅದೇ 15.6 ಗ್ರಾಂ. ಬಿಸಿ, ತೇವಾಂಶ ಎರಡನ್ನೂ ತೋರಿಸುವ ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಒಳಗೊಂದು ಹೊರಗೊಂದು ಇಟ್ಟರೆ ಜಗಳ ಮುಗಿಯುತ್ತದೆ. ಯಂತ್ರ ನಡೆಯುವಾಗ ಕಿಟಕಿ ಮುಚ್ಚಿರಬೇಕು, ಬಾಗಿಲಿನ ಸಂದಿಗೆ ಬಟ್ಟೆ, ಎಕ್ಸಾಸ್ಟ್ ಫ್ಯಾನಿನ ತೂತಿಗೆ ಪ್ಲಾಸ್ಟಿಕ್. ಮನೆಯವರು ಆ ರೂಮಿನಲ್ಲಿ ಮಲಗುವುದು, ಅಡುಗೆ ಮಾಡುವುದು, ಬಟ್ಟೆ ಒಣಹಾಕುವುದು ಯಾವುದೂ ಬೇಡ.

ಬ್ಲೋವರ್ ಎಂದರೆ ನೆಲದ ಮೇಲೆ ಕೂರುವ, ಬಸವನಹುಳುವಿನ ಆಕಾರದ ಕಾರ್ಪೆಟ್ ಬ್ಲೋವರ್, 500ರಿಂದ 1,000 ವ್ಯಾಟ್. ಗೋಡೆಗೆ ಅಂಟಿಕೊಂಡ ತೇವದ ಗಾಳಿಯ ಪದರವನ್ನು ಕೆರೆದು ತೆಗೆಯುವುದು ಇದರ ಕೆಲಸ, ನೀರನ್ನು ಮನೆಯಿಂದ ಹೊರಹಾಕುವುದು ಇದರಿಂದ ಆಗದು. ಇಷ್ಟು ತಿಳಿಯದೆ ಬರೀ ಬ್ಲೋವರ್ ಬಾಡಿಗೆಗೆ ತಂದು ಮುಚ್ಚಿದ ಮನೆಯಲ್ಲಿ ಓಡಿಸಿದರೆ ಕೆಳಗಿನ ಗೋಡೆಯ ನೀರು ಆವಿಯಾಗಿ ಮೇಲಿನ ಸೀಲಿಂಗ್, ಬೀರುವಿನ ಬಟ್ಟೆ, ಪುಸ್ತಕಗಳಲ್ಲಿ ಕೂರುತ್ತದೆ. ನೀರೇ ಮುಟ್ಟದಿದ್ದ ಮೊದಲ ಮಹಡಿಯ ಕಪಾಟಿನಲ್ಲಿ ಬೂಷ್ಟು ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಬ್ಲೋವರಿನ ಮೂತಿಯನ್ನು ಗೋಡೆಗೆ ನೇರ ಹೊಡೆಯುವಂತೆ ಇಡಬೇಡಿ. ಗೋಡೆಯ ಉದ್ದಕ್ಕೆ ಸವರಿಕೊಂಡು ಹೋಗುವಂತೆ 15ರಿಂದ 45 ಡಿಗ್ರಿ ಓರೆಯಲ್ಲಿ, 10–14 ಅಡಿಗೆ ಒಂದರಂತೆ, ಎಲ್ಲವೂ ಒಂದೇ ದಿಕ್ಕಿಗೆ ಗಾಳಿ ಸುತ್ತುವ ಹಾಗೆ ಇಡಿ. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಮೂರು ಬ್ಲೋವರ್, ಒಂದು ಡಿಹ್ಯುಮಿಡಿಫೈಯರ್ ಸಿಕ್ಕಿಸಿದರೆ ಬೋರ್ಡು ಕರಗುತ್ತದೆ. 16 ಆಂಪಿಯರ್ ಸಾಕೆಟ್‌ಗಳನ್ನು ಬೇರೆ ಬೇರೆಯಾಗಿ ಬಳಸಿ. ಶಬ್ದ ಮಾತ್ರ ವಿಪರೀತ, ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಬಾಡಿಗೆ ಏಕೆ, ಮನೆಯ ಎಸಿಯನ್ನೇ ಡ್ರೈ ಮೋಡಿನಲ್ಲಿ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಹೊರಗಿನ ಯೂನಿಟ್ ಮುಳುಗದೇ ಇದ್ದರೆ ಮೊದಲ ಒಂದೆರಡು ದಿನ ಎಸಿಯಿಂದ ಉಪಯೋಗ ಇದೆ, ಹನಿ ಪೈಪಿನಲ್ಲಿ ನೀರು ಬರುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ರೂಮು ತಣ್ಣಗಾಗುತ್ತದೆ, ಗೋಡೆಯೂ ತಣ್ಣಗಾಗುತ್ತದೆ, ತಣ್ಣಗಿನ ಗೋಡೆ ನೀರು ಬಿಡಲು ಒಲ್ಲದು. ಶಾಖವನ್ನು ಎಸಿ ಮನೆಯಿಂದಾಚೆ ಎಸೆಯುತ್ತದೆ, ಡಿಹ್ಯುಮಿಡಿಫೈಯರ್ ಒಳಗೇ ಉಳಿಸುತ್ತದೆ. ಒಣಗಿಸುವುದಕ್ಕೆ ಬೇಕಾದದ್ದು ಎರಡನೆಯದು. ಇನ್ನು ರೂಮ್ ಹೀಟರ್, ಇದ್ದಿಲು ಒಲೆ: ಮುಚ್ಚಿದ ಮನೆಯಲ್ಲಿ ಇದ್ದಿಲು ಎಂದರೆ ಪ್ರಾಣಾಪಾಯ. ಆವಿಯನ್ನು ಹೊರಹಾಕುವ ದಾರಿ ಮಾಡದೆ ಹೀಟರ್ ಹಾಕಿದರೆ ಬ್ಲೋವರಿನದೇ ಕಥೆ.

ಸಿಲಿಕಾ ಜೆಲ್ ಚಕ್ರ ತಿರುಗುವ ಡೆಸಿಕೆಂಟ್ ಯಂತ್ರಗಳನ್ನೂ ಕೆಲವರು ಬಾಡಿಗೆಗೆ ಕೊಡುತ್ತಾರೆ. ಬೆಂಗಳೂರಿನ ಮನೆಗೆ ಅದು ಬೇಕಿಲ್ಲ. ಕರೆಂಟು ಹೆಚ್ಚು ತಿನ್ನುತ್ತದೆ, ತೇವದ ಗಾಳಿಯನ್ನು ಹೊರಗೆ ಬಿಡಲು ಕಿಟಕಿಯಿಂದ ಡಕ್ಟ್ ಹಾಕಬೇಕು. ಮಡಿಕೇರಿಯಂಥ ತಂಪು ಊರಿನಲ್ಲಿ ಮಾತ್ರ ಅದಕ್ಕೆ ನಿಜವಾದ ಬೆಲೆ. ಅಲ್ಲಿ ಮಳೆಗಾಲದಲ್ಲಿ 18 ಡಿಗ್ರಿಯ ರೂಮಿನಲ್ಲಿ ಕಂಪ್ರೆಸರ್ ಯಂತ್ರದ ಕಾಯಿಲ್ ಮಂಜುಗಟ್ಟಿ, ಸಾಕಷ್ಟು ಹೊತ್ತು ಅದನ್ನು ಕರಗಿಸುವುದರಲ್ಲೇ ಹೋಗುತ್ತದೆ. ಕೊಡಗಿನ ಇನ್ನೊಂದು ವಿಶೇಷ ಎಂದರೆ ಹೊರಗಿನ ಗಾಳಿ ಒದ್ದೆಯಾಗಿ ಕಂಡರೂ ಅದರಲ್ಲಿ ನೀರು ಕಡಿಮೆ. 18 ಡಿಗ್ರಿ, ಶೇ 95 ಎಂದರೆ 14.6 ಗ್ರಾಂ. ಆ ಗಾಳಿಯನ್ನು ಒಳಗೆ ತಂದು 28 ಡಿಗ್ರಿಗೆ ಕಾಯಿಸಿದರೆ ತೇವಾಂಶ ಸುಮಾರು ಶೇ 52ಕ್ಕೆ ಬೀಳುತ್ತದೆ. ಹೊಗೆ ಹೊರಹೋಗುವ ಕೊಳವೆಯಿರುವ ಸೌದೆ ಒಲೆ, ಜೊತೆಗೆ ಸ್ವಲ್ಪ ತೆರೆದ ಕಿಟಕಿ ಇದ್ದರೆ ಅಲ್ಲಿ ಯಂತ್ರವಿಲ್ಲದೆಯೂ ಬಹಳಷ್ಟು ಕೆಲಸವಾಗುತ್ತದೆ.

ಕರಾವಳಿಯಲ್ಲಿ ಲೆಕ್ಕ ತಲೆಕೆಳಗು. ಮಂಗಳೂರಿನ ಜುಲೈನಲ್ಲಿ 27 ಡಿಗ್ರಿ, ಶೇ 90 ಇದ್ದರೆ ಹೊರಗಿನ ಗಾಳಿಯಲ್ಲೇ 23 ಗ್ರಾಂ. ಕಿಟಕಿ ತೆಗೆದಿಟ್ಟು ಮುರಕಲ್ಲಿನ ಗೋಡೆ ಒಣಗಲಿ ಎಂದು ಕಾದರೆ ಮಳೆಗಾಲ ಮುಗಿಯುವವರೆಗೂ ಕಾಯುತ್ತಿರಬೇಕು. ಅಲ್ಲಿ ನೀರು ಗುಡಿಸಿದ ದಿನವೇ ಮುಚ್ಚಿ ಯಂತ್ರ ಹಾಕುವುದು ಸರಿ, ಬಾಡಿಗೆ ಅತಿ ಹೆಚ್ಚು ಸಾರ್ಥಕವಾಗುವುದೂ ಅಲ್ಲೇ. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆ ಮಳೆ ನಿಂತ ಮೇಲೆ ಮಧ್ಯಾಹ್ನ 32 ಡಿಗ್ರಿ, ಶೇ 35 ಇದ್ದರೆ ಗಾಳಿಯಲ್ಲಿ ಇರುವುದು 12 ಗ್ರಾಂ. ಅಲ್ಲಿ ಡಿಹ್ಯುಮಿಡಿಫೈಯರ್ ಬಾಡಿಗೆ ಬರೀ ಖರ್ಚು. ಕಿಟಕಿ, ಬಾಗಿಲು, ಎರಡು ಬ್ಲೋವರ್ ಸಾಕು. 2019ರ ಆಗಸ್ಟಿನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ತೀರದ ಹಳ್ಳಿಗಳಲ್ಲಿ ನೆನೆದ ಮಣ್ಣಿನ ಮಾಳಿಗೆ ಮನೆಗಳಂಥವಕ್ಕೆ ಈ ಯಾವ ಯಂತ್ರವೂ ಬೇಡ. ನೆನೆದ ಮಣ್ಣಿನ ಗೋಡೆಯ ಮೇಲೆ ಮಾಳಿಗೆಯ ಭಾರ ಕೂತಿರುತ್ತದೆ, ಒಂದು ಬದಿ ಬೇಗ ಒಣಗಿದರೆ ಬಿರುಕು ಬಿಟ್ಟು ವಾಲುತ್ತದೆ. ಇಂಜಿನಿಯರ್ ನೋಡಿ ಆಸರೆ ಕೊಡುವವರೆಗೆ ಅಂಥ ಮನೆಯೊಳಗೆ ಮಲಗಬಾರದು.

ಸೆಟ್ಟಿನಲ್ಲಿ ಸಾಮಾನ್ಯವಾಗಿ ಇಲ್ಲದೇ ಇರುವುದು ಮೀಟರ್, ಅದೇ ದೊಡ್ಡ ಕೊರತೆ. ಎರಡು ಸೂಜಿಯ ಪಿನ್ ಮೀಟರನ್ನು ಮರಕ್ಕೆ ಚುಚ್ಚಿದರೆ ಬರುವ ಸಂಖ್ಯೆ ನೇರ ಶೇಕಡಾವಾರು ತೇವಾಂಶ. ಬೆಂಗಳೂರಿನಲ್ಲಿ ಬಾಗಿಲ ಚೌಕಟ್ಟು, ಪ್ಲೈವುಡ್ 12–14ಕ್ಕೆ ಬಂದರೆ ಒಣಗಿತು ಎನ್ನಬಹುದು. ಗೋಡೆಗೆ ಚುಚ್ಚಿದಾಗ ಬರುವ ಸಂಖ್ಯೆ ಶೇಕಡಾವಾರು ಅಲ್ಲ, ಹೋಲಿಕೆಗೆ ಮಾತ್ರ. ಮೇಲಿನ ಮಹಡಿಯಲ್ಲಿ ಅದೇ ಇಟ್ಟಿಗೆ, ಅದೇ ಪ್ಲಾಸ್ಟರಿಂಗ್ ಇರುವ ಒಣ ಗೋಡೆಯ ಸಂಖ್ಯೆಯನ್ನು ಮೊದಲು ಬರೆದುಕೊಳ್ಳಿ, ಕೆಳಗಿನದು ಅದರ ಹತ್ತಿರ ಬರಬೇಕು. ಪೆನ್ಸಿಲ್‌ನಲ್ಲಿ ನೆಲದಿಂದ ಅರ್ಧ ಅಡಿ, ಎರಡಡಿ, ನಾಲ್ಕಡಿ ಎತ್ತರದಲ್ಲಿ ಗುರುತು ಹಾಕಿ ಯಾವಾಗಲೂ ಅಲ್ಲಿಯೇ ಚುಚ್ಚಿ. ಉಪ್ಪು ಬಿಟ್ಟ ಗೋಡೆ ಒಣಗಿದ್ದರೂ ಮೀಟರ್ ಹೆಚ್ಚು ತೋರಿಸುತ್ತದೆ, ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆದು ಅಳೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ.

ಸೂಜಿ ತಲುಪುವುದು ಮೇಲ್ಮೈಯನ್ನು ಮಾತ್ರ. ಒಳಗಿನದನ್ನು ತಿಳಿಯಲು 8 ಮಿಲಿಮೀಟರ್ ಬಿಟ್ಟಿನಿಂದ ಎರಡು ಇಂಚು ಆಳಕ್ಕೆ ತೂತು ಕೊರೆದು, ಪುಡಿ ಊದಿ ತೆಗೆದು, ಬಾಯಿಗೆ ಟೇಪ್ ಅಂಟಿಸಿ 24 ಗಂಟೆ ಬಿಡಿ. ಆಮೇಲೆ ತೆಳು ಪ್ರೋಬ್ ಇರುವ ಹೈಗ್ರೋಮೀಟರನ್ನು ತೂರಿಸಿ ನೋಡಿ. ಶೇ 75ಕ್ಕಿಂತ ಕಡಿಮೆ ಬಂದರೆ ಬಣ್ಣದ ಮಾತು ಎತ್ತಬಹುದು. ಟೈಲ್ಸ್ ಕಿತ್ತ ಕಾಂಕ್ರೀಟ್ ನೆಲಕ್ಕೆ ಇನ್ನೂ ಸುಲಭದ ಪರೀಕ್ಷೆ ಇದೆ: ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ತೆಗೆಯಿರಿ. ಅಡಿಯಲ್ಲಿ ಹನಿ ಕಂಡರೆ, ನೆಲದ ಬಣ್ಣ ಕಪ್ಪಾಗಿದ್ದರೆ ಇನ್ನೂ ನೀರಿದೆ. ಟೈಲ್ಸ್ ಕೀಳದೇ ಇದ್ದ ನೆಲ ಒಣಗುವುದು ಸಂದಿಗಳಿಂದ ಮಾತ್ರ, ಬಹಳ ನಿಧಾನ. ತಟ್ಟಿದಾಗ ಟೊಳ್ಳು ಶಬ್ದ ಬರುವ ಟೈಲ್ಸ್ ಕೆಳಗೆ ನೀರು ನಿಂತಿರುವ ಸಂಭವ ಹೆಚ್ಚು, ಅಂಥವನ್ನು ಎತ್ತಿಸಿ.

ಎಷ್ಟು ದಿನ ಬೇಕು? ಯಂತ್ರವಿಲ್ಲದೆ ಇಟ್ಟಿಗೆ ಗೋಡೆ ಇಂಚಿಗೆ ಒಂದು ತಿಂಗಳು ಎಂಬುದು ಹಳೆಯ ಅಂದಾಜು, ಒಳ್ಳೆಯ ಅಂದಾಜೂ ಹೌದು. 9 ಇಂಚಿನ ಗೋಡೆಗೆ ಎರಡೂ ಬದಿಯಿಂದ ಒಣಗಲು ಅವಕಾಶವಿದ್ದರೂ ನಾಲ್ಕೈದು ತಿಂಗಳು. ಯಂತ್ರ ಇದನ್ನು ವಾರಗಳಿಗೆ ಇಳಿಸುತ್ತದೆ, ಆದರೆ ಮೂರು ದಿನದಲ್ಲಿ ಮನೆ ಒಣಗಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಅವರು ನೆಲದ ಮಾತಾಡುತ್ತಿದ್ದಾರೆ, ಗೋಡೆಯ ಮಾತನ್ನಲ್ಲ. ಆಯಿಲ್ ಪೇಂಟ್, ಪ್ಲಾಸ್ಟಿಕ್ ಎಮಲ್ಷನ್ ಇದ್ದ ಗೋಡೆಯಲ್ಲಿ ನೀರಿನ ಗುರುತಿನಿಂದ ಒಂದಡಿ ಮೇಲಿನವರೆಗೆ ಪೇಂಟ್, ಪುಟ್ಟಿ ಎರಡನ್ನೂ ಕೆರೆದು ತೆಗೆಯಿರಿ. ಆ ಪದರ ಇದ್ದಷ್ಟು ದಿನ ಗೋಡೆಗೆ ಉಸಿರಿಲ್ಲ. ತೇಗದ ಬಾಗಿಲು, ಹಳೆಯ ಮರದ ತೊಲೆ ಇರುವ ರೂಮಿನಲ್ಲಿ ತೇವಾಂಶವನ್ನು ಶೇ 40ಕ್ಕಿಂತ ಕೆಳಗೆ ಇಳಿಸಬೇಡಿ, ಮರ ಸೊಟ್ಟಗಾಗುತ್ತದೆ. ಯಾವ ತೇವಾಂಶಕ್ಕೆ ಯಂತ್ರ ನಿಲ್ಲಬೇಕೆಂದು ಹೇಳುವ ಹ್ಯುಮಿಡಿಸ್ಟಾಟ್‌ನಲ್ಲಿ 45 ಇಟ್ಟರೆ ಸಾಕು. ಒಳಗಿನಿಂದ ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸುವ ಸಲಹೆಯನ್ನು ಈ ಹಂತದಲ್ಲಿ ಒಪ್ಪಿಕೊಳ್ಳಬೇಡಿ. ಒಳಗಿದ್ದ ನೀರು ಒಳಗೇ ಉಳಿದು ಕೋಟಿಂಗನ್ನು ಪ್ಲಾಸ್ಟರಿಂಗ್ ಸಮೇತ ತಳ್ಳುತ್ತದೆ. ಗೋಡೆ ಬೋಳಾಗಿ ಕಾಣುವುದು ಬೇಡವಾದರೆ ಸುಣ್ಣ ಬಳಿಸಿ, ಸುಣ್ಣ ಆವಿಯನ್ನು ತಡೆಯುವುದಿಲ್ಲ.

ಬಾಡಿಗೆ ಅಂಗಡಿಯವರ ಜೊತೆ ಮಾತಾಡುವಾಗ ಕೇಳಬೇಕಾದ್ದು ಇವು. 50 ಲೀಟರ್ ಎಂಬುದು ಯಾವ ಬಿಸಿ, ಯಾವ ತೇವಾಂಶಕ್ಕೆ? ಹೋಸ್ ಕೊಡುತ್ತಾರೆಯೇ, ಎಷ್ಟು ಉದ್ದ? ಯಂತ್ರ ನಿಂತರೆ ಎಷ್ಟು ಗಂಟೆಯೊಳಗೆ ಬದಲಿ ಬರುತ್ತದೆ, ಆ ದಿನದ ಬಾಡಿಗೆ ಕಡಿತವಾಗುತ್ತದೆಯೇ? ವಾರದ ನಂತರ ಕೆಲವು ಯಂತ್ರಗಳನ್ನು ವಾಪಸ್ ಕೊಟ್ಟು ಉಳಿದವನ್ನು ಮುಂದುವರಿಸಬಹುದೇ? ಹಿಂದಿನ ನೆರೆ ಮನೆಯಿಂದ ಬಂದ ಬ್ಲೋವರಿನ ಬಾಯೊಳಗೆ ಟಾರ್ಚ್ ಹಾಕಿ ನೋಡಿ, ಒಣ ಕೆಸರು ಅಂಟಿದ್ದರೆ ತೊಳೆದು ತರಲು ಹೇಳಿ. ತಂದಿಳಿಸಿದವರು ಹೊರಡುವ ಮುನ್ನ, ನಿಲ್ಲಿಸಿಯೇ ತಂದ ಯಂತ್ರವಾದರೆ ಅರ್ಧ ಗಂಟೆ ಓಡಿಸಿ ಹೋಸಿನ ತುದಿಯಲ್ಲಿ ನೀರು ಬರುವುದನ್ನು ನೋಡಿಕೊಳ್ಳಿ. ನೆರೆ ಮನೆಯ ಗಾಳಿಯಲ್ಲಿ ಅಷ್ಟು ಹೊತ್ತಿಗೂ ಹನಿ ಬೀಳದಿದ್ದರೆ ಆ ಯಂತ್ರದಲ್ಲಿ ಗ್ಯಾಸ್ ಇಲ್ಲದಿರಬಹುದು, ಸಹಿ ಹಾಕದೆ ಹಾಗೇ ವಾಪಸ್ ಕಳಿಸಿ. ಮನೆಗೆ ವಿಮೆ ಇದ್ದರೆ ದಿನದ ಮೀಟರ್ ಸಂಖ್ಯೆ, ಕ್ಯಾನಿನ ಲೀಟರ್ ಲೆಕ್ಕ, ಬಾಡಿಗೆ ರಸೀದಿ, ಬಿಚ್ಚಿ ಎಸೆದ ಹಲಗೆಗಳ ಫೋಟೋ ಎಲ್ಲವನ್ನೂ ತಾರೀಖು ಹಾಕಿ ಒಂದೇ ಕಡೆ ಇಟ್ಟುಕೊಳ್ಳಿ. ಸರ್ವೇಯರ್ ಬಂದು ನೋಡುವವರೆಗೆ ಊದಿದ ಕ್ಯಾಬಿನೆಟ್ಟಿನ ಒಂದು ತುಂಡನ್ನಾದರೂ ಹಿತ್ತಲಲ್ಲಿ ಉಳಿಸಿರಿ.